ಬರೆ, ಅಳಿಸು, ಮತ್ತೆ ಬರೆ: ಮನೆಯ ವೈಟ್‌ಬೋರ್ಡ್ ಬಗ್ಗೆ ಓದುಗರ ಪ್ರಶ್ನೆಗಳು

ಮನೆಯಲ್ಲಿ ವೈಟ್‌ಬೋರ್ಡ್ ಇಟ್ಟುಕೊಂಡು ಮಕ್ಕಳಿಗೆ ಆಟದಂತೆ ಕಲಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಹನ್ನೊಂದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಕೊಳ್ಳುವುದು, ಕಾಪಾಡುವುದು, ಕಲಿಸುವುದು, ಮೂರೂ ಬಗೆಯವು ಇವೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ: ಬೋರ್ಡಿನ ದೊಡ್ಡ ಗುಣವೆಂದರೆ ಅದನ್ನು ಅಳಿಸಬಹುದು. ಪುಸ್ತಕದಲ್ಲಿ ತಪ್ಪಿದರೆ ಗುರುತು ಉಳಿಯುತ್ತದೆ, ಕೆಂಪು ಶಾಯಿ ಬೀಳುತ್ತದೆ. ಬೋರ್ಡಿನಲ್ಲಿ ತಪ್ಪಿದರೆ ಬಟ್ಟೆ ಆಡಿಸಿದರಾಯಿತು. ಹೆದರಿಕೆಯಿಲ್ಲದೆ ಬರೆಯುವ ಮಗು ಹೆಚ್ಚು ಸಲ ಬರೆಯುತ್ತದೆ.

*

ಪ್ರಶ್ನೆ: ಐದು ವರ್ಷದ ಮಗಳು, ಎಂಟು ವರ್ಷದ ಮಗ ಇದ್ದಾರೆ. ಅಂಗಡಿಯಲ್ಲಿ ಒಂದೇ ಅಳತೆಯ ಬೋರ್ಡಿಗೆ ಮೂರು ಬೆಲೆ ಹೇಳಿದರು. ಯಾವುದು ಕೊಳ್ಳಲಿ? ಎಷ್ಟು ಎತ್ತರಕ್ಕೆ ಹಾಕಲಿ?
(ಓದುಗಿ, ಹಾಸನ)

ಉತ್ತರ: ಬೆಲೆಯ ವ್ಯತ್ಯಾಸವೆಲ್ಲ ಮೇಲ್ಮೈಯದು. ಅಗ್ಗದ್ದು ಮೆಲಮೈನ್ ಹಾಳೆ ಅಂಟಿಸಿದ ಹಲಗೆ. ಕೈಗೆ ನುಣ್ಣಗೆ ಸಿಕ್ಕರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ದಿನವೂ ಬಳಸಿದರೆ ಒಂದೆರಡು ವರ್ಷದಲ್ಲಿ ಬಣ್ಣ ಹೀರಿ ಮಂಕಾಗುತ್ತದೆ. ಅದಕ್ಕಿಂತ ಮೇಲಿನದು ಉಕ್ಕಿನ ತಗಡಿಗೆ ಬಣ್ಣದ ಲೇಪ ಕೊಟ್ಟದ್ದು. ಎಲ್ಲಕ್ಕಿಂತ ದುಬಾರಿಯದು ಸೆರಾಮಿಕ್ ಬೋರ್ಡ್. ಉಕ್ಕಿನ ಮೇಲೆ ಪಿಂಗಾಣಿಯ ಲೇಪವನ್ನು ಕಾಯಿಸಿ ಕೂರಿಸಿರುತ್ತಾರೆ, ಹತ್ತಾರು ವರ್ಷ ಬಾಳುತ್ತದೆ. ಅಂಗಡಿಗೆ ಹೋಗುವಾಗ ಒಂದು ಆಯಸ್ಕಾಂತ ಜೇಬಿನಲ್ಲಿರಲಿ. ಅಂಟಿದರೆ ಒಳಗೆ ಉಕ್ಕಿದೆ, ಜಾರಿದರೆ ಬಹುಪಾಲು ಮೆಲಮೈನ್.

ಇಬ್ಬರು ಮಕ್ಕಳ ಮನೆಗೆ ಗೋಡೆಯ ಮೇಲೆ 2x3 ಅಡಿಯ ಉಕ್ಕಿನ ಬೋರ್ಡ್ ಒಂದು, ತೊಡೆಯ ಮೇಲಿಟ್ಟುಕೊಳ್ಳಲು ಎ4 ಅಳತೆಯ ಚಿಕ್ಕ ಬೋರ್ಡ್ ಎರಡು ಸಾಕು. ಗೋಡೆಯದನ್ನು ಅಡ್ಡ ಹಾಕಬೇಡಿ, ಉದ್ದಕ್ಕೆ ನಿಲ್ಲಿಸಿ ಹಾಕಿ. ಕೆಳ ಅಂಚು ನೆಲದಿಂದ 45 ಸೆಂ.ಮೀ. ಇದ್ದರೆ ಮೇಲಂಚು ಸುಮಾರು 135 ಸೆಂ.ಮೀ.ಗೆ ಬರುತ್ತದೆ. ಕೆಳಭಾಗ ಮಗಳಿಗೆ, ಮೇಲ್ಭಾಗ ಮಗನಿಗೆ. ಜಗಳ ಅರ್ಧ ಕಡಿಮೆ. ದೊಡ್ಡವರ ಕಣ್ಣಿನ ಮಟ್ಟಕ್ಕೆ ಹಾಕಿದ ಬೋರ್ಡು ದೊಡ್ಡವರ ಬೋರ್ಡೇ ಆಗಿ ಉಳಿಯುತ್ತದೆ. ಕಿಟಕಿಯ ಎದುರು ಗೋಡೆ ಬೇಡ, ಬೆಳಕು ಹೊಳೆದು ಅಕ್ಷರ ಕಾಣುವುದಿಲ್ಲ. ಮಕ್ಕಳು ಬೋರ್ಡಿಗೆ ಒರಗುತ್ತಾರೆ, ಹಿಡಿದು ಜಗ್ಗುತ್ತಾರೆ. ಆದ್ದರಿಂದ ಒಂದು ಮೊಳೆಗೆ ನೇತುಹಾಕದೆ ಗೋಡೆಗೆ ಪ್ಲಗ್ ಕೂರಿಸಿ ನಾಲ್ಕು ಮೂಲೆಗೂ ಸ್ಕ್ರೂ ಬಿಗಿಸಿ.

ಇನ್ನೊಂದು: ಹೊಸ ಬೋರ್ಡಿನ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಕೀಳದೆ ಅದರ ಮೇಲೆಯೇ ಬರೆದು, ‘ಅಳಿಸುತ್ತಲೇ ಇಲ್ಲ, ಮಾಲು ಸರಿಯಿಲ್ಲ’ ಎನ್ನುತ್ತಾರೆ. ಮೂಲೆಯಲ್ಲಿ ಉಗುರು ಹಾಕಿ ನೋಡಿ.

*

ಪ್ರಶ್ನೆ: ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗಿಲ್ಲ. ಖರ್ಚಿಲ್ಲದೆ ಮನೆಯಲ್ಲೇ ಬೋರ್ಡ್ ಮಾಡಿಕೊಳ್ಳಬಹುದೇ?
(ಓದುಗರು, ಬಾಗಲಕೋಟೆ)

ಉತ್ತರ: ಖಂಡಿತ. ಮೂರು ದಾರಿ ಹೇಳುತ್ತೇವೆ.

ಎಲ್ಲಕ್ಕಿಂತ ಸುಲಭದ್ದು ಫೈಲಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವರ್. ಹೊಳಪಿರುವುದನ್ನೇ ಕೇಳಿ ತನ್ನಿ. ಮಂಜು ಮಂಜಾಗಿ ಕಾಣುವ ತರಿಯ ಕವರಿನಲ್ಲಿ ಶಾಯಿ ಸಿಕ್ಕಿಕೊಂಡು ಅಳಿಸುವುದಿಲ್ಲ. ಒಳಗೆ ಹಳೆಯ ಕ್ಯಾಲೆಂಡರಿನ ರಟ್ಟು, ಅದರ ಮೇಲೆ ಬಿಳಿ ಹಾಳೆ. ಇದರ ಸೊಗಸು ಏನೆಂದರೆ ಹಾಳೆ ಬದಲಿಸಿದ ಹಾಗೆ ಬೋರ್ಡೇ ಬದಲಾಗುತ್ತದೆ: ಒಂದು ದಿನ ಗೆರೆಯ ಹಾಳೆ, ಇನ್ನೊಂದು ದಿನ ಚೌಕುಳಿ, ಮತ್ತೊಂದು ದಿನ ಊರ ಹೆಸರುಗಳಿಲ್ಲದ ಕರ್ನಾಟಕದ ನಕಾಶೆ. ಜಿಲ್ಲೆಗಳ ಹೆಸರು ಬರೆ, ಅಳಿಸು, ನಾಳೆ ಮತ್ತೆ ಬರೆ.

ಎರಡನೆಯದು ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್. ಇಲ್ಲೂ ಹೊಳಪಿನದ್ದೇ ಇರಲಿ. ಆದರೆ ರಾತ್ರಿಯೆಲ್ಲ ಬರೆದದ್ದನ್ನು ಹಾಗೇ ಬಿಟ್ಟರೆ ಬೆಳಿಗ್ಗೆಗೆ ಕಲೆ ಕಚ್ಚಿರುತ್ತದೆ. ಆಟ ಮುಗಿದ ಕೂಡಲೇ ಒರೆಸಬೇಕು.

ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ: ಬಚ್ಚಲ ಗೋಡೆಗೆ ಹಾಕಿ ಉಳಿದ ಬಿಳಿ ಟೈಲ್ಸ್. 8x12 ಇಂಚಿನದು, ನುಣುಪು ಹೊಳಪಿನದು ಬೇಕು; ನೆಲಕ್ಕೆ ಹಾಕುವ ಒರಟು ಟೈಲ್ಸ್ ಆಗದು. ಅಂಚು ಕೈ ಕೊಯ್ಯುತ್ತದೆ. ಉಪ್ಪುಕಾಗದದಲ್ಲಿ ನಾಲ್ಕೂ ಅಂಚು ಉಜ್ಜಿ, ಸುತ್ತಲೂ ಬಟ್ಟೆಯ ಟೇಪ್ ಸುತ್ತಿ, ಹಿಂದೆ ಹಳೆಯ ಬಟ್ಟೆ ಅಂಟಿಸಿ. ಹೊಳಪಿನ ಪದರ ಗಾಜಿನಂತಿರುವುದರಿಂದ ಕಲೆ ಹಿಡಿಯುವುದು ತೀರಾ ಕಡಿಮೆ. ತೂಕ ಇರುತ್ತದೆ, ಕಾಲ ಮೇಲೆ ಬಿದ್ದರೆ ಪೆಟ್ಟು. ನೆಲದ ಮೇಲೆ ಅಥವಾ ಮಣೆಯ ಮೇಲೆ ಇಟ್ಟೇ ಬರೆಸಿ.

ಗೋಡೆಗೆ ಅಂಟಿಸುವ ಬೋರ್ಡ್ ಸ್ಟಿಕ್ಕರ್ ಸುರುಳಿ ಸಿಗುತ್ತದೆ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ಅದು ನಿಲ್ಲದು, ಪುಡಿಯ ಸಮೇತ ಕಳಚಿ ಬರುತ್ತದೆ. ಬಾಡಿಗೆ ಮನೆಯಲ್ಲಿ ಬೀರುವಿನ ಬಾಗಿಲಿಗೆ ಹಚ್ಚುವುದು ಮೇಲು.

*

ಪ್ರಶ್ನೆ: ಅಳಿಸಿದ ಮೇಲೂ ಅಕ್ಷರದ ನೆರಳು ಉಳಿಯುತ್ತಿದೆ. ಮಗ ಒಮ್ಮೆ ಪರ್ಮನೆಂಟ್ ಮಾರ್ಕರಿನಲ್ಲೂ ಬರೆದಿಟ್ಟಿದ್ದಾನೆ. ಬೋರ್ಡ್ ಎಸೆಯಬೇಕೇ?
(ಓದುಗಿ, ಶಿವಮೊಗ್ಗ)

ಉತ್ತರ: ಎಸೆಯಬೇಡಿ. ಮೊದಲು ಕಾರಣ ತಿಳಿದರೆ ಮದ್ದು ತಾನಾಗಿ ತಿಳಿಯುತ್ತದೆ. ವೈಟ್‌ಬೋರ್ಡ್ ಮಾರ್ಕರಿನ ಶಾಯಿಯಲ್ಲಿ ಮೂರು ಸಂಗತಿಗಳಿವೆ: ಬಣ್ಣದ ಕಣ, ಅದನ್ನು ಕರಗಿಸಿ ಒಯ್ಯುವ ಆಲ್ಕೋಹಾಲ್, ಜೊತೆಗೆ ಎಣ್ಣೆಯಂಥ ಒಂದು ಜಾರುವಸ್ತು. ಆಲ್ಕೋಹಾಲ್ ಕ್ಷಣದಲ್ಲಿ ಆರುತ್ತದೆ. ಬಣ್ಣ ಆ ಜಾರುಪದರದ ಮೇಲೆ ಕೂತಿರುವುದರಿಂದ ಒರೆಸಿದರೆ ಎದ್ದು ಬರುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲಿ ಜಾರುವಸ್ತುವಿನ ಬದಲು ಅಂಟಿನಂಥ ರಾಳ ಇರುತ್ತದೆ.

ಪರ್ಮನೆಂಟ್ ಕಲೆಯ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪವಾಗಿ, ಕಲೆ ಪೂರಾ ಮುಚ್ಚುವಂತೆ ಬಳಿಯಿರಿ. ಐದಾರು ಸೆಕೆಂಡು ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಹೊಸ ಶಾಯಿಯ ಆಲ್ಕೋಹಾಲ್ ಹಳೆಯ ರಾಳವನ್ನು ಕರಗಿಸಿ ಎರಡನ್ನೂ ಒಟ್ಟಿಗೆ ಎತ್ತುತ್ತದೆ. ಎರಡು ಮೂರು ಸಲ ಬೇಕಾಗಬಹುದು.

ನೆರಳಿಗೆ ಔಷಧಿ ಅಂಗಡಿಯ 70% ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ನೀರಿನಂತಿರುವ ಸ್ಯಾನಿಟೈಸರ್. ಬಟ್ಟೆಗೆ ಹಾಕಿಕೊಂಡು ಒರೆಸಿ, ಬೋರ್ಡಿಗೆ ಸುರಿಯಬೇಡಿ. ಅಂಚಿನಿಂದ ಒಳಗಿಳಿದರೆ ಹಲಗೆ ಉಬ್ಬುತ್ತದೆ. ಲೋಳೆಯಂಥ ಸ್ಯಾನಿಟೈಸರ್ ಬಳಸಿದರೆ ಅದರ ಗ್ಲಿಸರಿನ್ ಜಿಗುಟಾಗಿ ಉಳಿಯುತ್ತದೆ, ಆಮೇಲೆ ಒದ್ದೆ ಬಟ್ಟೆ, ಅದರ ನಂತರ ಒಣ ಬಟ್ಟೆ ಆಡಿಸಲೇಬೇಕು. ಸಾಬೂನು ನೀರಿನ ವಿಷಯದಲ್ಲೂ ಇದೇ ಮಾತು: ಸಾಬೂನಿನ ಪೊರೆ ಉಳಿದರೆ ಮುಂದಿನ ಸಲ ಶಾಯಿ ಒಡೆದೊಡೆದು ಬೀಳುತ್ತದೆ.

ಪಾತ್ರೆ ತಿಕ್ಕುವ ಪುಡಿ, ನಾರು, ಟೂತ್‌ಪೇಸ್ಟ್ ಯಾವುದೂ ಬೇಡ. ಕಲೆ ಹೋದಂತೆ ಕಾಣುತ್ತದೆ; ಜೊತೆಗೆ ಕೂದಲೆಳೆಯಂಥ ಗೀರುಗಳು ಬಿದ್ದು, ಮುಂದೆ ಬರೆಯುವ ಪ್ರತಿ ಅಕ್ಷರದ ಬಣ್ಣವೂ ಅದರೊಳಗೆ ಕೂರುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಲೇಪವನ್ನೇ ಕರಗಿಸಬಹುದು. ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆಂದು ಹಲವರು ಹೇಳುತ್ತಾರೆ. ಬರುವುದು ನಿಜ, ಎರಡು ದಿನಕ್ಕೆ. ಆಮೇಲೆ ಧೂಳು ಅಂಟುತ್ತದೆ, ಮಾರ್ಕರಿನ ತುದಿಯೂ ಎಣ್ಣೆ ಹೀರಿ ಕೆಡುತ್ತದೆ.

ನೆರಳು ಮೂಡದಂತೆ ತಡೆಯುವುದು ಇದಕ್ಕಿಂತ ಸುಲಭ. ಬರೆದ ತಕ್ಷಣ ಒರೆಸಿದರೆ ಹರಡುತ್ತದೆ, ವಾರಗಟ್ಟಲೆ ಬಿಟ್ಟರೆ ಕಚ್ಚುತ್ತದೆ. ಅದೇ ದಿನ ಒರೆಸುವುದನ್ನು ರೂಢಿ ಮಾಡಿ. ಡಸ್ಟರ್ ಕಪ್ಪಾಗಿದ್ದರೆ ಅದು ಒರೆಸುವುದಿಲ್ಲ, ಬಳಿಯುತ್ತದೆ. ತೊಳೆದು ಪೂರಾ ಒಣಗಿಸಿ, ಇಲ್ಲವೇ ಹಳೆಯ ಹತ್ತಿ ಸಾಕ್ಸ್ ಕೊಡಿ. ಚಿಕ್ಕವರಿಗೆ ಕೈಗೇ ಹಾಕಿಕೊಂಡು ಒರೆಸಬಹುದಾದ ಡಸ್ಟರ್ ಅದು.

*

ಪ್ರಶ್ನೆ: ಮಾರ್ಕರ್ ಹದಿನೈದು ದಿನಕ್ಕೇ ಒಣಗುತ್ತದೆ. ನೀರು ಹಾಕಿದರೂ ಬರೆಯುವುದಿಲ್ಲ.
(ಓದುಗರು, ಮೈಸೂರು)

ಉತ್ತರ: ನೀರು ಹಾಕಲೇಬಾರದು, ಈ ಶಾಯಿ ನೀರಿನಲ್ಲಿ ಕರಗುವಂಥದಲ್ಲ. ಬೇಗ ಒಣಗಲು ಮೊದಲ ಕಾರಣ ಸಡಿಲ ಮುಚ್ಚಳ. ‘ಟಕ್’ ಎಂದು ಸದ್ದು ಬರುವವರೆಗೆ ಒತ್ತಬೇಕು, ಸದ್ದು ಕೇಳಿಸುವುದು ಮಗುವಿನದೇ ಕೆಲಸ ಎಂದು ವಹಿಸಿ. ಎರಡನೆಯದು ಇಡುವ ರೀತಿ. ತುದಿ ಮೇಲಾಗಿ ಲೋಟದಲ್ಲಿ ನಿಲ್ಲಿಸಿದರೆ ಶಾಯಿ ಕೆಳಗಿಳಿಯುತ್ತದೆ; ಮಲಗಿಸಿ ಇಡಿ. ಹೀಗೆ ಬಾಡಿದ ಮಾರ್ಕರನ್ನು ಮುಚ್ಚಳ ಹಾಕಿ ತುದಿ ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿದರೆ ಹಲವು ಸಲ ಮತ್ತೆ ಬರೆಯುತ್ತದೆ. ಮೂರನೆಯದು ಒತ್ತಿ ಬರೆಯುವುದು. ತುದಿ ಒಳಗೆ ಹೋಗಿ, ಎಳೆ ಕೆದರಿ, ಗೆರೆ ಬೂದಾಗುತ್ತದೆ.

ರೀಫಿಲ್ ಮಾಡುವ ಮಾರ್ಕರ್ ಕೊಂಡರೆ ದುಡ್ಡೂ ಉಳಿಯುತ್ತದೆ, ಕಸವೂ ಕಡಿಮೆ. ಶಾಯಿಯನ್ನು ಹನಿ ಹನಿಯಾಗಿ, ಒಳಗಿನ ಹತ್ತಿ ಹೀರಿಕೊಳ್ಳುವಷ್ಟೇ ಹಾಕಿ. ತುದಿಯಿಂದ ತೊಟ್ಟಿಕ್ಕಿದರೆ ಹೆಚ್ಚಾಯಿತು ಎಂದರ್ಥ. ಬಾಟಲಿಯ ಮೇಲೆ ವೈಟ್‌ಬೋರ್ಡ್ ಎಂದೇ ಬರೆದಿರಬೇಕು. ಪರ್ಮನೆಂಟ್ ಶಾಯಿ ಸೇರಿದರೆ ಆ ಮಾರ್ಕರ್ ಬೋರ್ಡಿಗೆ ಮುಗಿದಂತೆ.

*

ಪ್ರಶ್ನೆ: ಮೊಮ್ಮಗಗ ಪಾಟಿ–ಬಳಪ ಕೊಡಿಸೋಣಂತ ನಾ ಅಂತೀನಿ, ಬೋರ್ಡೇ ಸಾಕಂತ ಸೊಸಿ ಅಂತಾಳ. ಯಾವುದು ಚಲೋ?
(ಅಜ್ಜಿಯೊಬ್ಬರು, ಧಾರವಾಡ)

ಉತ್ತರ: ಅಜ್ಜಿ, ಅಕ್ಷರ ತಿದ್ದುವುದಕ್ಕೆ ನೀವು ಹೇಳಿದ ಪಾಟಿಯೇ ಮೇಲು. ಬಳಪ ಪಾಟಿಯ ಮೇಲೆ ಕೊಂಚ ತಡೆದು ತಡೆದು ಓಡುತ್ತದೆ. ಕೈ ಎಲ್ಲಿ ಹೋಗುತ್ತಿದೆ ಎಂಬ ಸುದ್ದಿ ಆ ತಡೆಯಿಂದಲೇ ಬೆರಳಿಗೆ ಮುಟ್ಟುತ್ತದೆ. ಬೋರ್ಡು ಜಾರುತ್ತದೆ, ದುಂಡಾಗಿ ತಿರುಗಬೇಕಾದ ಕಡೆ ಕೈ ಮುಂದೆ ಹೋಗಿಬಿಡುತ್ತದೆ. ನಮ್ಮ ಲಿಪಿ ತುಂಬಾ ದುಂಡಗಿನದು, ಆದ್ದರಿಂದ ತೊಂದರೆ ಇನ್ನೂ ಹೆಚ್ಚು. ಬೋರ್ಡಿನಲ್ಲಿ ಮಾತ್ರ ಬರೆದು ಕಲಿತ ಮಗುವಿಗೆ ಪೆನ್ಸಿಲ್ ಕೊಟ್ಟಾಗ ಅಕ್ಷರ ಹಿಡಿತಕ್ಕೆ ಸಿಗದೆ ಹೋಗುವುದುಂಟು.

ಸೊಸೆಯ ಮಾತಿನಲ್ಲೂ ಸತ್ಯವಿದೆ. ಗೋಡೆಯ ಬೋರ್ಡಿನ ಮೇಲೆ ನಿಂತು ಬರೆಯುವಾಗ ಭುಜ ಆಡುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಬಲ ಅದು. ದೊಡ್ಡ ದೊಡ್ಡ ಸೊನ್ನೆ, ಅಲೆ, ಸುಳಿ, ರಂಗೋಲಿಯ ಚುಕ್ಕಿ ಸೇರಿಸುವುದು, ಲೆಕ್ಕ, ಪದದ ಆಟ ಬೋರ್ಡಿಗಿರಲಿ. ಅಕ್ಷರ ತಿದ್ದುವುದು ಪಾಟಿಗಿರಲಿ. ಒರೆಸಲು ಒದ್ದೆ ಬಟ್ಟೆ ಕಟ್ಟಿಕೊಡಿ, ಎಂಜಲು ಹಚ್ಚುವ ರೂಢಿ ಬೀಳುವುದು ಬೇಡ. ಮಗು ಬಳಪ ತಿನ್ನಲು ಹಟ ಹಿಡಿದರೆ ಬೈಯದೆ ವೈದ್ಯರಿಗೆ ತೋರಿಸಿ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗಲೂ ಹಾಗೆ ಆಸೆಯಾಗುವುದುಂಟು.

*

ಪ್ರಶ್ನೆ: ಏಳು ವರ್ಷದ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಓದಲು ಬಾರದು. ವರ್ಣಮಾಲೆಯನ್ನು ಬೋರ್ಡಿನ ಮೇಲೆ ಬರೆಸಲು ಮೂರು ಸಲ ಶುರು ಮಾಡಿ ಮೂರು ಸಲವೂ ‘ಋ’ ಹತ್ತಿರ ನಿಂತುಹೋಗಿದ್ದೇವೆ. ವಾರಾಂತ್ಯದಲ್ಲಿ ಅರ್ಧ ಗಂಟೆ ಸಿಗುತ್ತದೆ.
(ಓದುಗ ದಂಪತಿ, ಮೆಲ್ಬರ್ನ್)

ಉತ್ತರ: ಅಲ್ಲಿ ನಿಲ್ಲುವುದು ಸಹಜ. 49 ಅಕ್ಷರಗಳನ್ನು ಸಾಲಾಗಿ ಕಲಿಯುವ ಮಗುವಿಗೆ ವಾರಗಟ್ಟಲೆ ಒಂದು ಪದವೂ ಓದಲು ಸಿಗುವುದಿಲ್ಲ. ಸ್ವರಗಳೆಲ್ಲ ಮುಗಿದರೂ ಅವಳ ಕೈಯಲ್ಲಿರುವುದು ‘ಆ’, ‘ಈ’, ‘ಓ’ ಅಷ್ಟೇ.

1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿಕಲಿ ಪದ್ಧತಿ ಈ ಸರಪಳಿಯನ್ನು ಕಳಚಿತು. ಬರೆಯಲು ಸುಲಭವಾದ, ಕೂಡಿಸಿದರೆ ಪದವಾಗುವ ಅಕ್ಷರಗಳನ್ನು ಮೊದಲು ತಂದಿತು. ಮೊದಲ ಗುಂಪು ರ, ಗ, ಸ, ದ, ಅ. ಈ ಐದರಿಂದಲೇ ಸರ, ದರ, ರಸ, ಅರಸ, ಅಗಸ, ದಸರ, ಗರಗಸ, ಗದಗ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ವನ, ಮಗ, ನಗರ, ಬಸವ. ಮೊದಲ ಅರ್ಧ ಗಂಟೆಯಲ್ಲೇ ಒಂದು ಊರಿನ ಹೆಸರು ಓದಿದ ಮಗು ಮುಂದಿನ ವಾರ ತಾನಾಗಿ ಬೋರ್ಡಿನ ಹತ್ತಿರ ಬರುತ್ತದೆ.

ಅರ್ಧ ಗಂಟೆಯನ್ನು ಹೀಗೆ ಹಂಚಿ. ಹತ್ತು ನಿಮಿಷ ಹೊಸ ಅಕ್ಷರ: ನೀವು ಅಂಗೈಯಗಲ ಬರೆಯಿರಿ, ಅವಳು ಅದನ್ನು ಬೆರಳಿನಿಂದ, ಬರೆದ ದಿಕ್ಕಿನಲ್ಲೇ ಅಳಿಸಲಿ. ಅಳಿಸುವ ಬೆರಳು ಅಕ್ಷರದ ದಾರಿಯನ್ನು ಕಲಿಯುತ್ತದೆ. ಹತ್ತು ನಿಮಿಷ ‘ಹೇಳಿದ್ದನ್ನು ಅಳಿಸು’ ಆಟ: ಎಂಟು ಪದ ಚೆಲ್ಲಾಪಿಲ್ಲಿಯಾಗಿ ಬರೆದು, ನೀವು ಹೇಳಿದ ಪದವನ್ನು ಅವಳು ಅಳಿಸಬೇಕು. ಕೊನೆಗೆ ಉಳಿದ ಪದ ಯಾವುದೋ ಅದರ ಚಿತ್ರ ಬಿಡಿಸಬೇಕು. ಉಳಿದ ಹತ್ತು ನಿಮಿಷ ಅವಳು ಹೇಳಲಿ, ನೀವು ಅಳಿಸಿ. ಹೊರನಾಡಿನ ಮಕ್ಕಳಿಗೆ ಲ–ಳ, ನ–ಣ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಓದು ಬಲಿತ ಮೇಲೆ ಹುಲಿ–ಹುಳಿ, ಕಲೆ–ಕಳೆ, ಅನ್ನ–ಅಣ್ಣ ಜೋಡಿಗಳನ್ನು ಇದೇ ಆಟಕ್ಕೆ ತನ್ನಿ.

ಕಾಗುಣಿತಕ್ಕೆ ಬೋರ್ಡಿನಷ್ಟು ಒಗ್ಗುವ ಸಾಧನ ಇನ್ನೊಂದಿಲ್ಲ. ‘ಗ’ ದೊಡ್ಡದಾಗಿ ಬರೆದು ತಲೆಕಟ್ಟನ್ನು ಮಾತ್ರ ಬೆರಳಲ್ಲಿ ಒರೆಸಿ. ಆ ಜಾಗಕ್ಕೆ ಗುಡಿಸು ಬಂದರೆ ಗಿ, ಎತ್ವ ಬಂದರೆ ಗೆ. ಕೊಂಬು ಬಂದಾಗ ತಲೆಕಟ್ಟು ಅಲ್ಲಾಡುವುದಿಲ್ಲ, ಪಕ್ಕದಲ್ಲಿ ಸೇರುತ್ತದೆ: ಗು. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಪುಸ್ತಕ ಹೇಳಬಲ್ಲದು, ಬೋರ್ಡು ಮಾಡಿ ತೋರಿಸುತ್ತದೆ. ಜ, ಟ, ಣ, ಬ, ಲ ಇಂಥವಕ್ಕೆ ಬೇರೆಯಾಗಿ ತಲೆಕಟ್ಟು ಇಲ್ಲ. ಅವನ್ನು ಎರಡನೆಯ ಸುತ್ತಿಗೆ ಇಡಿ. ಆಮೇಲೆ ಬಳೆ–ಬಾಳೆ, ಮರಿ–ಮಾರಿ, ಕರು–ಕಾರು, ಬಿಡು–ಬೀಡು: ಒಂದು ಗೆರೆ ಬದಲಿಸಿದರೆ ಅರ್ಥವೇ ಬೇರೆ.

ಒತ್ತಕ್ಷರಕ್ಕೆ ಬಂದಾಗ ಎರಡು ಎಚ್ಚರ. ಸಾಲಿನ ಕೆಳಗೆ ಜಾಗ ಬೇಕು: ಅಕ್ಷರಕ್ಕೆ 5 ಸೆಂ.ಮೀ. ಇದ್ದರೆ ಕೆಳಗೆ ಒತ್ತಿಗೆ 3 ಸೆಂ.ಮೀ. ಬಿಡಿ. ಇಂಗ್ಲಿಷ್ ಗೆರೆಯ ಬೋರ್ಡುಗಳಲ್ಲಿ ಈ ಜಾಗ ಇರುವುದಿಲ್ಲ. ಎರಡನೆಯದು, ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ. ಆದ್ದರಿಂದ ಅಕ್ಕ, ಅಜ್ಜ, ಹಗ್ಗ, ಬಟ್ಟೆ, ಕಪ್ಪೆ ಮೊದಲು. ಅಮ್ಮ, ಅನ್ನ, ಬೆಲ್ಲ, ಕತ್ತೆ ಆಮೇಲೆ. ‘ಅಮ್ಮ’ನಿಂದ ಶುರು ಮಾಡುವುದು ನಮ್ಮೆಲ್ಲರ ಆಸೆ, ಆದರೆ ಆ ಒತ್ತು ಕಷ್ಟದ್ದು.

ನೋಟಕ್ಕೆ ಹತ್ತಿರವಾದ ಮ–ಯ, ನ–ಸ, ಬ–ಭ, ದ–ಧ, ಪ–ಷ ಇವನ್ನು ಒಂದೇ ದಿನ ಹೊಸದಾಗಿ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

*

ಪ್ರಶ್ನೆ: ಮೂರನೇ ತರಗತಿಯ ಮಗನಿಗೆ ಸಾಲ ತೆಗೆದುಕೊಂಡು ಕಳೆಯುವ ಲೆಕ್ಕ ತಲೆಗೇ ಹತ್ತುತ್ತಿಲ್ಲ. 502ರಲ್ಲಿ 178 ಕಳೆ ಎಂದರೆ 476 ಎನ್ನುತ್ತಾನೆ.
(ಓದುಗರು, ತುಮಕೂರು)

ಉತ್ತರ: ಅವನ ಉತ್ತರ ಅಡ್ಡಾದಿಡ್ಡಿಯದಲ್ಲ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 5ರಲ್ಲಿ 1 ಹೋದರೆ 4. ಅವನಿಗೆ ಕಳೆಯಲು ಬರುತ್ತದೆ. ನೂರು, ಹತ್ತು, ಬಿಡಿ ಒಂದರೊಳಗೊಂದು ಮುರಿಯುತ್ತವೆ ಎಂಬುದು ಇನ್ನೂ ಕಣ್ಣಿಗೆ ಬಿದ್ದಿಲ್ಲ. ಅದನ್ನು ಕಾಣಿಸಿ.

ಬೋರ್ಡಿನಲ್ಲಿ ಮೂರು ಮನೆ ಮಾಡಿ: ನೂರು, ಹತ್ತು, ಬಿಡಿ. ನೂರಕ್ಕೆ ಚೌಕ, ಹತ್ತಕ್ಕೆ ಕಡ್ಡಿ, ಬಿಡಿಗೆ ಚುಕ್ಕಿ. 502 ಎಂದರೆ ಐದು ಚೌಕ, ಹತ್ತರ ಮನೆ ಖಾಲಿ, ಎರಡು ಚುಕ್ಕಿ. ಈಗ ‘ಎಂಟು ಚುಕ್ಕಿ ಅಳಿಸು’ ಎನ್ನಿ. ಇರುವುದೇ ಎರಡು. ಅವನು ನಿಲ್ಲುತ್ತಾನೆ. ನೀವು ತಕ್ಷಣ ಹೇಳಿಕೊಡಬೇಡಿ, ಅರ್ಧ ನಿಮಿಷ ಕಾಯಿರಿ. ಕಡ್ಡಿ ಮುರಿಯೋಣವೆಂದರೆ ಕಡ್ಡಿಯೂ ಇಲ್ಲ. ಒಂದು ಚೌಕ ಅಳಿಸಿ ಹತ್ತು ಕಡ್ಡಿ ಬರೆಯಲಿ. ಒಂದು ಕಡ್ಡಿ ಅಳಿಸಿ ಹತ್ತು ಚುಕ್ಕಿ ಬರೆಯಲಿ. ಈಗ ನಾಲ್ಕು ಚೌಕ, ಒಂಬತ್ತು ಕಡ್ಡಿ, ಹನ್ನೆರಡು ಚುಕ್ಕಿ. ಎಂಟು ಚುಕ್ಕಿ, ಏಳು ಕಡ್ಡಿ, ಒಂದು ಚೌಕ ಅಳಿಸಿದರೆ ಉಳಿದದ್ದು 324.

ಮಧ್ಯದ ಸೊನ್ನೆ 9 ಆಗುವುದೇಕೆ ಎಂಬ ಪ್ರಶ್ನೆಗೆ ಇಲ್ಲಿ ಕಣ್ಣೆದುರೇ ಉತ್ತರವಿದೆ: ಹತ್ತು ಕಡ್ಡಿ ಬಂದವು, ಒಂದು ಹೋಯಿತು. ‘ಪಕ್ಕದ ಮನೆಯಿಂದ ಸಾಲ’ ಎಂಬ ಮಾತನ್ನು ಸದ್ಯಕ್ಕೆ ಬಿಡಿ. ಸಾಲವೆಂದರೆ ಹಿಂದಿರುಗಿಸಬೇಕು, ಇಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ‘ಮುರಿದು ಚಿಲ್ಲರೆ ಮಾಡು’ ಎನ್ನಿ, ನೂರರ ನೋಟಿಗೆ ಚಿಲ್ಲರೆ ತಂದ ಮಗುವಿಗೆ ಅದು ಗೊತ್ತಿದೆ. ದಿನಕ್ಕೆ ಮೂರು ಲೆಕ್ಕ, ಒಂದು ವಾರ. ಎರಡನೆಯ ವಾರ ಚಿತ್ರದ ಪಕ್ಕದಲ್ಲೇ ಅಂಕಿಯಲ್ಲೂ ಬರೆಯಲಿ. ಮೂರನೆಯ ವಾರ ಅಂಕಿ ಮಾತ್ರ, ಅದೂ ಪುಸ್ತಕದಲ್ಲಿ.

ಮನೆಗಳ ಗೆರೆಯನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಹಾಕಿಬಿಡೋಣ ಎನಿಸುತ್ತದೆ. ಶಿವಮೊಗ್ಗದವರಿಗೆ ಹೇಳಿದ ಕಾರಣದಿಂದಲೇ ಅದು ನಿಲ್ಲುವುದಿಲ್ಲ, ಮೇಲೆ ಬರೆದು ಒರೆಸಿದಂತೆ ಗೆರೆಯೂ ಎದ್ದು ಹೋಗುತ್ತದೆ. ಮೂರು ಮಿಲಿಮೀಟರ್ ಅಗಲದ ಕಪ್ಪು ಟೇಪ್ ಅಂಟಿಸಿ.

*

ಪ್ರಶ್ನೆ: ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬರೆದದ್ದನ್ನೆಲ್ಲ ಅವಳ ಕೈಯೇ ಅಳಿಸುತ್ತಾ ಹೋಗುತ್ತದೆ.
(ಓದುಗಿ, ಪುತ್ತೂರು)

ಉತ್ತರ: ನಮ್ಮ ಬರಹ ಎಡದಿಂದ ಬಲಕ್ಕೆ ಸಾಗುವುದರಿಂದ ಎಡಗೈ ಬರೆದದ್ದರ ಮೇಲೆಯೇ ಹಾಯುತ್ತದೆ. ಚಿಕ್ಕ ಬೋರ್ಡನ್ನು ಮೈಯ ನೇರಕ್ಕಿಂತ ಕೊಂಚ ಎಡಕ್ಕೆ ಇಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಓರೆ ಮಾಡಿ. ಎಡ ಮೇಲಿನ ಮೂಲೆ ಮೇಲಕ್ಕೆ ಏಳಬೇಕು. ಮಾರ್ಕರನ್ನು ತುದಿಯಿಂದ 3–4 ಸೆಂ.ಮೀ. ಹಿಂದೆ ಹಿಡಿಯಲಿ. ಆಗ ಕೈ ಸಾಲಿನ ಕೆಳಗಿರುತ್ತದೆ. ಮಣಿಕಟ್ಟನ್ನು ಕೊಕ್ಕೆಯಂತೆ ಮಡಿಸಿ ಮೇಲಿನಿಂದ ಬರೆಯುವ ರೂಢಿ ಬಿದ್ದರೆ ಬಿಡಿಸುವುದು ಕಷ್ಟ, ಈಗಲೇ ಗಮನಿಸಿ. ಗೋಡೆಯ ಬೋರ್ಡಿನಲ್ಲಿ ಕೈ ಊರದೆ ಬರೆಯುವುದರಿಂದ ಅಲ್ಲಿ ಈ ತೊಂದರೆಯೇ ಕಡಿಮೆ. ಕೈ ಬದಲಿಸಲು ಮಾತ್ರ ಒತ್ತಾಯಿಸಬೇಡಿ, ದಯವಿಟ್ಟು.

*

ಪ್ರಶ್ನೆ: ನಾಲ್ಕು ವರ್ಷದವನು ಬೋರ್ಡಿನ ಮೇಲೆ ಬರೀ ಗೀಚುತ್ತಾನೆ. ಅಕ್ಷರ ಬರೆ ಎಂದರೆ ಮಾರ್ಕರ್ ಎಸೆದು ಓಡುತ್ತಾನೆ.
(ಓದುಗರು, ಬಳ್ಳಾರಿ)

ಉತ್ತರ: ಗೀಚಲಿ. ಆ ವಯಸ್ಸಿಗೆ ಗೀಚುವುದೇ ಬರವಣಿಗೆ. ಮೊದಲ ಐದು ನಿಮಿಷ ಅವನದು, ನೀವು ಮಾತಾಡಬೇಡಿ. ಆಮೇಲೆ ಅವನ ಗೀಚಿನೊಳಗೇ ಹುಡುಕಿ: ‘ಇಲ್ಲೊಂದು ಸೊನ್ನೆ ಇದೆ, ಹಿಡಿ’, ‘ಇದಕ್ಕೆ ಬಾಲ ಹಚ್ಚಿದರೆ ಏನಾಗುತ್ತದೆ?’

ಅವನನ್ನು ಮೇಷ್ಟ್ರು ಮಾಡಿ, ನೀವು ವಿದ್ಯಾರ್ಥಿಯಾಗಿ. ಐದು ಚಿತ್ರ ಬಿಡಿಸಿ ಒಂದರಲ್ಲಿ ತಪ್ಪು ಮಾಡಿ: ಮೂರು ಕಾಲಿನ ಹಸು, ಬಾಲವಿಲ್ಲದ ಇಲಿ. ಹಿಡಿದು ತಿದ್ದಲಿ. ತಪ್ಪು ಐದಕ್ಕೆ ಒಂದೇ ಇರಲಿ, ಎಲ್ಲವೂ ತಪ್ಪಾದರೆ ಗದ್ದಲವಾಗಿ ಆಟ ಕೆಡುತ್ತದೆ. ಒಟ್ಟು ಹತ್ತು ನಿಮಿಷ ಮೀರದಿರಲಿ, ಅವನಿಗೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಿ.

ಒಂದು ಮಾತು ನೇರವಾಗಿ ಹೇಳಬೇಕು. ಹಲವು ಮನೆಗಳಲ್ಲಿ ಮಾರ್ಕರ್ ಹೆಚ್ಚು ಹೊತ್ತು ಇರುವುದು ದೊಡ್ಡವರ ಕೈಯಲ್ಲಿ. ಮಗು ಕೂತು ನೋಡುತ್ತದೆ, ಅದು ಶಾಲೆಯೇ ಆಯಿತು. ಮಾರ್ಕರ್ ಮಗುವಿನ ಕೈಗೆ ಕೊಡಿ, ಡಸ್ಟರ್ ನೀವು ಹಿಡಿಯಿರಿ.

*

ಪ್ರಶ್ನೆ: ಮಾರ್ಕರಿನ ವಾಸನೆ ಮಕ್ಕಳಿಗೆ ಅಪಾಯವೇ? ಬೋರ್ಡಿಗೆ ಅಂಟುವ ಆಯಸ್ಕಾಂತದ ಅಕ್ಷರ ಕೊಡಬಹುದೇ?
(ಓದುಗಿ, ಬೆಂಗಳೂರು)

ಉತ್ತರ: ಘಾಟು ಮೂಗಿಗೆ ಹೊಡೆಯುವ ಮಾರ್ಕರ್ ಕೊಳ್ಳಬೇಡಿ. ಆಲ್ಕೋಹಾಲ್ ಶಾಯಿಯದು, ಮಕ್ಕಳಿಗೆ ವಿಷಕಾರಿಯಲ್ಲ ಎಂದು ಬರೆದಿರುವುದು ಇರಲಿ. ಕಿಟಕಿ ತೆರೆದಿಡಿ, ಮೂಸುವ ಆಟಕ್ಕೆ ಬಿಡಬೇಡಿ. ಮುಚ್ಚಳದ ತಲೆಯಲ್ಲಿ ಗಾಳಿಯಾಡುವ ತೂತು ಇರುವುದು ಒಳ್ಳೆಯದು, ಅಕಸ್ಮಾತ್ ಗಂಟಲಲ್ಲಿ ಸಿಕ್ಕರೂ ಉಸಿರಿಗೆ ದಾರಿ ಇರುತ್ತದೆ. ಮೂರು ವರ್ಷದೊಳಗಿನವರಿಗೆ ಒಂಟಿಯಾಗಿ ಮಾರ್ಕರ್ ಕೊಡಬೇಡಿ.

ಆಯಸ್ಕಾಂತದ ವಿಷಯದಲ್ಲಿ ನಾವು ಕಟ್ಟುನಿಟ್ಟು. ಗುಂಡಿಯಷ್ಟು ಚಿಕ್ಕ, ಬೆಳ್ಳಿಯಂತೆ ಹೊಳೆಯುವ ನಿಯೊಡಿಮಿಯಂ ಆಯಸ್ಕಾಂತ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಎರಡನ್ನು ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆ ನಿಂತು ಒಂದನ್ನೊಂದು ಎಳೆದು ಕರುಳನ್ನೇ ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ಹೊಟ್ಟೆನೋವು ಬರಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಹಾಳೆಯಂತಿರುವ ರಬ್ಬರ್ ಆಯಸ್ಕಾಂತದಿಂದ ಕತ್ತರಿಸಿದ, ಬಾಯಿಗೆ ಹಿಡಿಸದಷ್ಟು ದೊಡ್ಡ ಅಕ್ಷರಗಳಾದರೆ ಸರಿ.

ಬಟ್ಟೆಗೆ ಶಾಯಿ ತಾಗಿದರೆ ನೀರಿಗೆ ಹಾಕುವ ಮುಂಚೆ ಅಡಿಯಲ್ಲಿ ಹಳೆಯ ಬಟ್ಟೆ ಇಟ್ಟು, ಸ್ಯಾನಿಟೈಸರ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಹರಡುತ್ತದೆ.

*

ಪ್ರಶ್ನೆ: ಈ ಬೋರ್ಡು ಚಿಕ್ಕ ಮಕ್ಕಳಿಗೆ ಮಾತ್ರವೇ? ಮಗ ಎಸ್ಸೆಸ್ಸೆಲ್ಸಿ, ಮಗಳು ಐದನೇ ತರಗತಿ. ಅವನಿಗೆ ಪ್ರಮೇಯ, ಅವಳಿಗೆ ಪದ್ಯ, ಎರಡೂ ಬಾಯಿಪಾಠವಾಗುತ್ತಿಲ್ಲ.
(ಓದುಗರು, ಚಿತ್ರದುರ್ಗ)

ಉತ್ತರ: ಪದ್ಯಕ್ಕೆ ಒಂದು ಒಳ್ಳೆಯ ಆಟವಿದೆ. ನಾಲ್ಕು ಸಾಲು ಬರೆಯಿರಿ, ಮಗಳು ಓದಲಿ. ಮೂರು ಪದ ಅಳಿಸಿ, ಆ ಜಾಗದಲ್ಲಿ ಗೆರೆ ಎಳೆದು ಮತ್ತೆ ಓದಿಸಿ. ಮತ್ತೆ ಮೂರು. ಹೀಗೆ ಐದಾರು ಸುತ್ತಿನಲ್ಲಿ ಖಾಲಿ ಬೋರ್ಡು ನೋಡಿ ಪದ್ಯ ಹೇಳುತ್ತಾಳೆ. ಯಾವ ಪದ ಮೊದಲು ಅಳಿಸಬೇಕೆಂಬುದರಲ್ಲಿ ಜಾಣತನವಿದೆ. ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇರುತ್ತದೆ, ಸಾಲಿನ ಮೊದಲ ಪದವೇ ನೆನಪಿನ ಕೊಂಡಿ. ಅದನ್ನು ಕೊನೆಯವರೆಗೂ ಉಳಿಸಿ. ಅಂತ್ಯಪ್ರಾಸದ ಪದ್ಯವಾದರೆ ಸಾಲಿನ ಕೊನೆಯ ಪದ ಉಳಿಸಿ. ಗೊತ್ತಾಗದೆ ಕೊಂಡಿಯನ್ನೇ ಮೊದಲು ಅಳಿಸಿದರೆ ಮಗು ಎಡವುತ್ತದೆ, ‘ನಂಗೆ ಬರಲ್ಲ’ ಎಂದು ಕೂರುತ್ತದೆ.

ಮಗನಿಗೆ ಥೇಲ್ಸನ ಪ್ರಮೇಯವನ್ನೇ ತೆಗೆದುಕೊಳ್ಳಿ. ಬೋರ್ಡನ್ನು ನಾಲ್ಕು ಭಾಗ ಮಾಡಲಿ: ದತ್ತ, ಸಾಧನೀಯ, ರಚನೆ, ಸಾಧನೆ. ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಕಪ್ಪು ಮಾರ್ಕರಿನಲ್ಲಿ ಬರೆಯಲಿ. ಸಿಕ್ಕಿಬಿದ್ದ ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋಗಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು, ತಪ್ಪಿದ್ದನ್ನು ಕೆಂಪಿನಲ್ಲಿ ತುಂಬಲಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅಳಿಸಿಬಿಡಲಿ. ಎರಡು ದಿನ ಬಿಟ್ಟು ಮತ್ತೆ ಖಾಲಿ ಬೋರ್ಡಿನಿಂದ ಶುರು. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಕೆಂಪು ಎಲ್ಲಿ ಉಳಿದಿದೆ ಎಂದು ತಿಳಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಅದು ರಚನೆಯ ಭಾಗದಲ್ಲಿ, ಲಂಬ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂಬಲ್ಲಿ. ಅಷ್ಟನ್ನೇ ಓದಿದರೆ ಸಾಕು, ಇಡೀ ಪ್ರಮೇಯವನ್ನು ಮತ್ತೆ ಓದಬೇಕಿಲ್ಲ. ಮೂರನೆಯ ಸಲ ತಂಗಿಗೆ ಹೇಳಿಕೊಡುವಂತೆ ಬಾಯಲ್ಲಿ ಹೇಳುತ್ತಾ ಬರೆಯಲಿ. ಕೊನೆಯ ಸಲ ಮಾತ್ರ ಕಾಗದದ ಮೇಲೆ, ಪೆನ್ನಿನಲ್ಲಿ, ಗಡಿಯಾರ ನೋಡಿಕೊಂಡು. ಪರೀಕ್ಷೆಯಲ್ಲಿ ಡಸ್ಟರ್ ಇರುವುದಿಲ್ಲ.